ಹೆಸರು ಒಂದು, ಹಣ್ಣು ಎರಡು

ಮಾರತ್ತಹಳ್ಳಿಯ ಅಂಗಡಿಗಳಲ್ಲಿ ‘ಬ್ಲ್ಯಾಕ್ ಕರಂಟ್’ ಎಂಬ ಹೆಸರು ಐಸ್‌ಕ್ರೀಮಿನ ಡಬ್ಬಿಯ ಮೇಲೂ ಉಂಟು, ಒಣಹಣ್ಣಿನ ಪೊಟ್ಟಣದ ಮೇಲೂ ಉಂಟು. ಹೆಸರು ಒಂದೇ ಆದರೂ ಹಣ್ಣು ಬೇರೆ ಬೇರೆ.

ಐಸ್‌ಕ್ರೀಮಿಗೆ ಹೆಸರು ಕೊಟ್ಟದ್ದು ಶೀತದೇಶಗಳ ಪೊದೆಯ ಹುಳಿಹಣ್ಣು. ದೀರ್ಘವಾದ ಚಳಿಗಾಲವಿಲ್ಲದೆ ಅದು ಚೆನ್ನಾಗಿ ಫಲಿಸದು. ತಾಜಾ ಹಣ್ಣಿನಲ್ಲಿ ‘ಸಿ’ ಜೀವಸತ್ತ್ವವು ಕಿತ್ತಳೆಯಲ್ಲಿರುವುದರ ಸುಮಾರು 3 ಪಟ್ಟು. ಎರಡನೆಯ ಮಹಾಯುದ್ಧದಲ್ಲಿ ಕಿತ್ತಳೆ ದುರ್ಲಭವಾಗಲು, 1942ರಿಂದ ಬ್ರಿಟನ್ನಿನ ಮಕ್ಕಳಿಗೆ ಇದರ ಪಾನಕವನ್ನು ಉಚಿತವಾಗಿ ಹಂಚಿದರು. ಜಾಮ್, ಜೆಲ್ಲಿಗಳಿಗೂ ಇದು ಶ್ರೇಷ್ಠ.

ಪೊಟ್ಟಣದಲ್ಲಿರುವುದಾದರೋ ಸಾಮಾನ್ಯವಾಗಿ ಒಣಗಿಸಿದ ಕಪ್ಪು ದ್ರಾಕ್ಷಿ. ಗ್ರೀಸಿನ ಕೊರಿಂತ್ ನಗರದಿಂದ ‘ಕರಂಟ್’ ಎಂಬ ಮಾತು ಹುಟ್ಟಿದ್ದು ಇಂತಹ ಕಿರುದ್ರಾಕ್ಷಿಗೇ. ಪೊದೆಯ ಹಣ್ಣಿಗೆ ಆ ಹೆಸರು ಅಂಟಿದ್ದು ಆಮೇಲೆ. ದಂಡುಪ್ರದೇಶದ ಬೇಕರಿಗಳ ಕ್ರಿಸ್‌ಮಸ್ ಕೇಕಿಗೂ ಮನೆಯ ಪಾಯಸಕ್ಕೂ ಒಣದ್ರಾಕ್ಷಿ ಒಪ್ಪುತ್ತದೆ. ಕೇಕಿಗೆ ಹಾಕುವಾಗ ಒಣಹಿಟ್ಟಿನಲ್ಲಿ ಹೊರಳಿಸಿದರೆ ಅದು ತಳಕ್ಕಿಳಿಯುವುದು ಕಡಿಮೆ. ಅದರಲ್ಲಿ ಸಕ್ಕರೆ ಬಹಳ, ನಾರು ಮತ್ತು ಕಬ್ಬಿಣ ಕೊಂಚ. ‘ಸಿ’ ಜೀವಸತ್ತ್ವ ಅತ್ಯಲ್ಪ.

ಆದುದರಿಂದ ಆ ಜೀವಸತ್ತ್ವವನ್ನು ನಂಬಿ ಮಕ್ಕಳಿಗೆಂದು ಪೊಟ್ಟಣವನ್ನು ಕೊಂಡ ತಾಯಿಗೆ ದೊರೆಯುವುದು ಮುಖ್ಯವಾಗಿ ಸಿಹಿಯೇ. ಅವಳು ಬಯಸಿದ್ದು ಸಂತೆಯ ಬೆಟ್ಟದ ನೆಲ್ಲಿಕಾಯಿಯಲ್ಲಿದೆ. ಈ ಒಂದು ಗುಣದಲ್ಲಿ ಅದು ಚಳಿನಾಡಿನ ಕರಂಟನ್ನೂ ಮೀರಿಸುತ್ತದೆ.