ಇತಿಹಾಸದ ಗೈಡಿಗೆ ಕಿತ್ತೂರಿನ ಒರೆಗಲ್ಲು

ಸ್ಪರ್ಧಾ ಪರೀಕ್ಷೆಗಳ ಸಿದ್ಧತೆಗೆಂದು ಧಾರವಾಡದ ಸಪ್ತಾಪುರಕ್ಕೆ ಬಂದಿಳಿಯುವ ತರುಣ ತರುಣಿಯರು ಬಾಡಿಗೆಯ ಕೋಣೆ ಹಿಡಿದೊಡನೆ ಮಾಡುವ ಮೊದಲ ಕೆಲಸವೆಂದರೆ ಪುಸ್ತಕದಂಗಡಿಗೆ ಹೋಗುವುದು. ಅಲ್ಲಿ ಇತಿಹಾಸದ ಗೈಡುಗಳು ಎದೆಯೆತ್ತರಕ್ಕೆ ಒಟ್ಟಿರುತ್ತವೆ. ಇದೊಂದಿದ್ದರೆ ಸಾಕೆಂದು ಪ್ರತಿಯೊಂದರ ರಕ್ಷಾಪುಟವೂ ಸಾರುತ್ತದೆ. ಊರಿನಿಂದ ತಂದೆ ಕಳುಹಿಸಿದ ಹಣ ಕೈಯಲ್ಲಿ, ಕೊಳ್ಳುವುದು ಯಾವುದನ್ನು? ಗೆಳೆಯನು ಕೊಂಡದ್ದನ್ನೇ ಕೊಳ್ಳುವವರು ಬಹಳ ಮಂದಿ. ದಪ್ಪ ನೋಡಿ ಕೊಳ್ಳುವವರೂ ಉಂಟು. ತೂಗಿ ಬೆಲೆ ಕಟ್ಟುವ ಈ ಕ್ರಮ ಬ್ಯಾಡಗಿಯ ಮೆಣಸಿನಕಾಯಿಗೆ ಒಪ್ಪೀತು, ಪುಸ್ತಕಕ್ಕಲ್ಲ.

ಅಂಗಡಿಯಲ್ಲಿ ನಿಂತಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕಿತ್ತೂರಿನ ಪ್ರಕರಣವನ್ನು ತೆರೆದು ನೋಡಬೇಕು. ಈ ಸೀಮೆಯವರಿಗೆ ಅದು ಮನೆಯ ಕಥೆ. ದತ್ತಕವನ್ನು ಕಂಪನಿ ಸರಕಾರ ಮನ್ನಿಸಲಿಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಇದೆಲ್ಲವೂ ಡಾಲ್‌ಹೌಸಿಯ ದತ್ತಕ ನಿಷೇಧದ ಫಲವೆಂದು ಗೈಡು ಹೇಳಿದರೆ ಅದನ್ನು ಅಲ್ಲಿಯೇ ಕೆಳಗಿಡುವುದು ಲೇಸು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ! ಕಿತ್ತೂರಿನ ಕಾಲಕ್ಕೆ ಆ ಪದವಿಯಲ್ಲಿದ್ದವನು ಆಮ್‌ಹರ್ಸ್ಟ್. ಮುಂಬಯಿಯ ಗವರ್ನರನು ಎಲ್ಫಿನ್‌ಸ್ಟನ್. ತಿಳಿದ ಸಂಗತಿಯಲ್ಲಿಯೇ ಇಪ್ಪತ್ತನಾಲ್ಕು ವರ್ಷ ತಪ್ಪುವ ಪುಸ್ತಕವನ್ನು ತಿಳಿಯದ ಸಂಗತಿಯಲ್ಲಿ ನಂಬುವುದೆಂತು?

ತಪ್ಪಿಗೆ ತೆರಬೇಕಾದ ದಂಡವೂ ಚಿಕ್ಕದಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯ ಸಾಮಾನ್ಯ ಅಧ್ಯಯನದಲ್ಲಿ ಪ್ರಶ್ನೆಯೊಂದಕ್ಕೆ ಎರಡು ಅಂಕ. ಉತ್ತರ ತಪ್ಪಿದರೆ ಆ ಎರಡು ಹೋಗುವುದಲ್ಲದೆ ಗಳಿಸಿದ್ದರಲ್ಲಿಯೂ ಆ ಎರಡರ ಮೂರನೆಯ ಒಂದು ಭಾಗ ಕಳೆಯುತ್ತದೆ. ಪ್ರಶ್ನೆಗಳಿರುವುದು ಇಂಗ್ಲಿಷು, ಹಿಂದಿಗಳಲ್ಲಿ ಮಾತ್ರ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೂ ಮೊದಲ ಹೊಸ್ತಿಲು ದಾಟಬೇಕಲ್ಲ! ಆದುದರಿಂದ ಕನ್ನಡದ ಗೈಡಿನಲ್ಲಿ ಪಾರಿಭಾಷಿಕ ಪದದ ಪಕ್ಕಕ್ಕೆ ಇಂಗ್ಲಿಷ್ ಹೆಸರು ಇದೆಯೋ ಇಲ್ಲವೋ ಎಂಬುದನ್ನು ಅವಶ್ಯವಾಗಿ ನೋಡಬೇಕು.

ಪರೀಕ್ಷೆ ಮುಗಿಸಿದವರು ಬಿಟ್ಟುಹೋದ ಹಳೆಯ ಗೈಡುಗಳು ಅಗ್ಗಕ್ಕೆ ದೊರೆಯುವುದುಂಟು. ಮುದ್ರಣದ ವರ್ಷವನ್ನು ನೋಡದೆ ಅವನ್ನು ತರಬಾರದು. 2013ರಲ್ಲಿ ಮುಖ್ಯ ಪರೀಕ್ಷೆಯ ಪಠ್ಯಕ್ರಮ ಬದಲಾಗಿ, ಹದಿನೆಂಟನೆಯ ಶತಮಾನದಿಂದೀಚಿನ ಜಗತ್ತಿನ ಇತಿಹಾಸವೂ ಸಾಮಾನ್ಯ ಅಧ್ಯಯನದೊಳಗೆ ಸೇರಿತು. ಅದಕ್ಕಿಂತ ಹಳೆಯ ಗೈಡನ್ನು ನೆಚ್ಚಿದವನಿಗೆ ಕೈಗಾರಿಕಾ ಕ್ರಾಂತಿಯ ಪ್ರಶ್ನೆ ಪರೀಕ್ಷಾ ಮಂದಿರದಲ್ಲಿಯೇ ಮೊದಲು ಭೇಟಿಯಾದೀತು.

ಕರ್ನಾಟಕದ ಇತಿಹಾಸಕ್ಕಂತೂ ಗೈಡಿಗಿಂತ ಮೊದಲು ಗ್ರಂಥಾಲಯದ ಮೆಟ್ಟಿಲು ಹತ್ತುವುದೇ ಮೇಲು. ಪಿ. ಬಿ. ದೇಸಾಯಿಯವರ ಸಂಪಾದಕತ್ವದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ 1970ರಲ್ಲಿ ಹೊರತಂದ ಇಂಗ್ಲಿಷ್ ಇತಿಹಾಸ ಗ್ರಂಥ ಇದೇ ಊರಿನಲ್ಲಿ ಸಿದ್ಧವಾದದ್ದು. ಒಂದು ರಾಜವಂಶವನ್ನು ಅಲ್ಲಿ ಓದಿ, ಅನಂತರ ಅದೇ ವಂಶವನ್ನು ಗೈಡಿನಲ್ಲಿ ನೋಡಿದರೆ, ಏನನ್ನು ಅಡಕಗೊಳಿಸಿದ್ದಾರೆ, ಏನನ್ನು ಕೈಬಿಟ್ಟಿದ್ದಾರೆ ಎಂಬುದು ಒಂದು ಸಂಜೆಯಲ್ಲಿ ತಿಳಿಯುತ್ತದೆ. ಅಂಗಡಿಗೆ ಹೋಗುವುದು ಮರುದಿನಕ್ಕಾದರೂ ಆದೀತು.