ದಿಗ್ವ್ರತದ ಎಲ್ಲೆಯೊಳಗಿನ ತೀರ್ಥಗಳು

ಕಬ್ಬು ನುರಿಸುವ ಹಂಗಾಮು ಮುಗಿದು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಮುಂದಿನ ಬಂಡಿಗಳ ಸಾಲು ಕರಗುವ ಹೊತ್ತಿಗೆ ಮಕ್ಕಳಿಗೆ ಬೇಸಿಗೆಯ ರಜೆ ಬರುತ್ತದೆ. ಸುತ್ತಲಿನ ಶ್ರಾವಕರ ಮನೆಗಳಲ್ಲಿ ಯಾತ್ರೆಯ ಮಾತು ಏಳುವುದೂ ಆಗಲೇ. ಸಮ್ಮೇದ ಶಿಖರ್ಜಿಯೋ ಗಿರನಾರೋ ಶ್ರವಣಬೆಳಗೊಳವೋ ಎಂಬ ಚರ್ಚೆ ನಡೆಯುತ್ತದೆ. ದಿನಗಳು ಕಡಿಮೆ, ನೋಡಬೇಕಾದ ಕ್ಷೇತ್ರಗಳು ಹೆಚ್ಚು. ರಾತ್ರಿಯೆಲ್ಲ ಪ್ರಯಾಣ, ಹಗಲೆಲ್ಲ ಸರದಿ, ದರ್ಶನ ಮಾತ್ರ ಕ್ಷಣಕಾಲ. ಮೊಣಕಾಲು ಸೋತ ಹಿರಿಯರೂ ಖರ್ಚು ಹೊಂದಿಸಲಾರದ ಮನೆಯವರೂ ‘ನಮಗೆ ಆ ಯೋಗವಿಲ್ಲ’ ಎಂದು ಊರಲ್ಲಿಯೇ ಉಳಿಯುತ್ತಾರೆ. ದೂರ ಹೋದದ್ದೇ ಯಾತ್ರೆ ಎಂಬ ಎಣಿಕೆ ಹೋದವರನ್ನು ದಣಿಸುತ್ತದೆ, ಉಳಿದವರನ್ನು ನೋಯಿಸುತ್ತದೆ.

ಜಿನಧರ್ಮದ ಎಣಿಕೆ ಬೇರೆ. ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ಹತ್ತು ದಿಕ್ಕುಗಳಲ್ಲಿ ‘ಇದರಾಚೆಗೆ ಹೋಗೆನು’ ಎಂದು ಬಾಳಿನುದ್ದಕ್ಕೂ ಎಲ್ಲೆ ಕಟ್ಟಿಕೊಳ್ಳುವುದೇ ಈ ವ್ರತ. ಆ ಎಲ್ಲೆಯನ್ನು ಸಮುದ್ರ, ನದಿ, ಕಾಡು, ಬೆಟ್ಟಗಳಂಥ ಎಲ್ಲರೂ ಬಲ್ಲ ಗುರುತುಗಳಿಂದ ನಿಶ್ಚಯಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಎಲ್ಲೆಯಾಚೆಗಿನ ಲೋಕಕ್ಕೆ ವ್ರತಿಯಿಂದ ಸೂಕ್ಷ್ಮವಾದ ಹಿಂಸೆಯೂ ತಟ್ಟುವುದಿಲ್ಲ. ಆದ್ದರಿಂದ ಅಷ್ಟರ ಮಟ್ಟಿಗೆ ಅವನ ಅಣುವ್ರತವೂ ಮಹಾವ್ರತದ ಸಾಮ್ಯವನ್ನು ಪಡೆಯುತ್ತದೆ. ಈ ದೊಡ್ಡ ಎಲ್ಲೆಯೊಳಗೂ ನಿಯಮಿತ ಕಾಲಕ್ಕೆ ಇನ್ನೂ ಸಣ್ಣ ಎಲ್ಲೆಯನ್ನು ಹಾಕಿಕೊಳ್ಳುವುದು ದೇಶವ್ರತ. ಮೇಲ್ನೋಟಕ್ಕೆ ಇದು ಸಂಕೋಲೆಯಂತೆ ತೋರಬಹುದು. ಆದರೆ ದೂರದ ಆಸೆ ತಗ್ಗಿದ ಕಣ್ಣಿಗೆ ಹತ್ತಿರದ್ದು ಕಾಣತೊಡಗುತ್ತದೆ.

ಸಮೀರವಾಡಿಯ ಶ್ರಾವಕನೊಬ್ಬ ಬಡಗಣಕ್ಕೆ ಕೃಷ್ಣೆಯನ್ನೂ ತೆಂಕಣಕ್ಕೆ ಘಟಪ್ರಭೆಯನ್ನೂ ಒಂದು ಬೇಸಿಗೆಯ ಮಟ್ಟಿಗೆ ಎಲ್ಲೆಯಾಗಿ ಇಟ್ಟುಕೊಂಡನೆಂದು ಭಾವಿಸೋಣ. ಮೊದಲು ಸಿಗುವುದು ತೇರದಾಳದ ನೇಮಿನಾಥ ಬಸದಿ. 12ನೆಯ ಶತಮಾನದಲ್ಲಿ, ರಟ್ಟರ ಕಾಲದಲ್ಲಿ, ಮಂಡಲಿಕ ಗೊಂಕನು ಇಲ್ಲಿ ನೇಮಿನಾಥನ ಜಿನಾಲಯವನ್ನು ಕಟ್ಟಿಸಿದನೆಂದು ಶಾಸನ ತಿಳಿಸುತ್ತದೆ. ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಹೆಸರೂ ಅದರಲ್ಲಿದೆ. ನೇಮಿನಾಥನ ನಿರ್ವಾಣ ಭೂಮಿ ದೂರದ ಗಿರನಾರು. ಅಲ್ಲಿನ ಸಾವಿರಾರು ಮೆಟ್ಟಿಲುಗಳನ್ನು ಏರಲಾರದ ಅಜ್ಜಿಗೂ ತೇರದಾಳದಲ್ಲಿ ಅದೇ ನೇಮಿನಾಥನ ಎದುರು ಒಂದು ಸಾಮಾಯಿಕದಷ್ಟು ಹೊತ್ತು ನಿಶ್ಚಲವಾಗಿ ಕುಳಿತುಕೊಳ್ಳುವ ಅವಕಾಶವಿದೆ.

ನೇಮಿನಾಥನ ಕಥೆಯೂ ಒಂದು ಪ್ರಯಾಣದ ಕಥೆಯೇ. ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದವನ್ನು ಕೇಳಿ ಆತ ದಿಬ್ಬಣದ ರಥವನ್ನೇ ಹಿಂದಿರುಗಿಸಿದ. ಹೋಗದೆ ನಿಂತದ್ದೇ ಆ ಪ್ರಯಾಣದ ಹಿರಿಮೆ. ಆ ಕಥೆಯನ್ನು ಬಲ್ಲವರಿಗೆ ಮುಧೋಳ–ಬೀಳಗಿ ಸೀಮೆಯ ಯಡಹಳ್ಳಿಯ ಕುರುಚಲು ಕಾಡಿಗೂ ಒಂದು ಅರ್ಥವಿದೆ. ಚಿಂಕಾರಗಳ ರಕ್ಷಣೆಗಾಗಿ 2016ರಲ್ಲಿ ಇದು ವನ್ಯಧಾಮವೆಂದು ಘೋಷಿತವಾಯಿತು. ಬೇಟೆಯ ಭಯವಿಲ್ಲದೆ ಮೇಯುವ ಒಂದು ಜಿಂಕೆಯನ್ನು ದೂರದಿಂದ ಕಂಡು, ಅದನ್ನು ಬೆದರಿಸದೆ ಮರಳಿದರೆ ಅದು ಅಹಿಂಸೆಯ ಪಾಠವೇ ಸರಿ.

ಮುಧೋಳದ ಹಾದಿಯಲ್ಲಿ ರನ್ನಬೆಳಗಲಿ ಇದೆ. ಊರಿನ ಹೆಸರಿನಲ್ಲಿಯೇ ಕವಿಯಿದ್ದಾನೆ. ಬೆಳುಗಲಿ ನಾಡಿನ ಮುದುವೊಳಲಿನಲ್ಲಿ, ಬಳೆಗಾರರ ಮನೆಯಲ್ಲಿ 949ರಲ್ಲಿ ಜನಿಸಿದ ರನ್ನ ವಿದ್ಯೆಯನ್ನು ಅರಸಿ ದೂರದ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ. 993ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣವನ್ನು ರಚಿಸಿದ. ಅವನ ಪಯಣಕ್ಕೆ ಕಾರಣವಿತ್ತು, ಗುರುವಿದ್ದ, ಫಲವಿತ್ತು. ಶ್ರವಣಬೆಳಗೊಳದ ಬಂಡೆಯ ಮೇಲೆ ಅವನ ಬಿರುದನ್ನು ಹುಡುಕುವ ಎಷ್ಟೋ ಜನ ಅವನು ಹುಟ್ಟಿದ ಸೀಮೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗುತ್ತಾರೆ.

ಎಲ್ಲೆಯನ್ನು ಮಲಪ್ರಭೆಯವರೆಗೆ ವಿಸ್ತರಿಸಿದರೆ ಐಹೊಳೆ, ಪಟ್ಟದಕಲ್ಲು, ಬಾದಾಮಿಗಳು ಅದರೊಳಗೆ ಬರುತ್ತವೆ. ಇವು ಜನಜಂಗುಳಿಯ ತಾಣಗಳೇ. ಆದರೆ ಜಂಗುಳಿಯ ನಡುವೆಯೂ ಏಕಾಂತವಿದೆ. ಐಹೊಳೆಯ ದುರ್ಗದ ಗುಡಿಯ ಸುತ್ತ ಸೇರಿದ ಜನರೆಲ್ಲ ಮೇಗುಟಿಯ ಬೆಟ್ಟವನ್ನು ಹತ್ತುವುದಿಲ್ಲ. ಹತ್ತಿದವರಿಗೆ ಶಕ 556, ಅಂದರೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಜಿನಾಲಯವೂ, ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಾರುವ ಶಾಸನವೂ ಕಾಣಸಿಗುತ್ತವೆ. ಇಂದು ಬಿಸಿಲೂ ಗಾಳಿಯೂ ಆಳುವ ಬೆಟ್ಟದ ತುದಿಯಲ್ಲಿ ಅರಸನ ಜಯಘೋಷವನ್ನು ಓದುವವನಿಗೆ ಅನಿತ್ಯ ಭಾವನೆಯನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ. ಪಟ್ಟದಕಲ್ಲಿನಲ್ಲಿ ಗುಡಿಗಳ ಗುಂಪಿನಿಂದ ದೂರದಲ್ಲಿ, ಬಾದಾಮಿಯ ರಸ್ತೆಗೆ, ರಾಷ್ಟ್ರಕೂಟರ ಕಾಲದ ಜಿನಾಲಯ ಒಂಟಿಯಾಗಿ ನಿಂತಿದೆ. ಬಾದಾಮಿಯಲ್ಲಿ ಕೊನೆಯ ಮೆಟ್ಟಿಲುಗಳನ್ನೂ ಏರಿದವರಿಗೆ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥನೂ ಬಾಹುಬಲಿಯೂ ಮಹಾವೀರನೂ ದರ್ಶನ ಕೊಡುತ್ತಾರೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅಜ್ಞಾತವಾದ ತಾಣಗಳನ್ನು ಹೀಗೆ ಹೆಸರಿಸಿದರೆ ಜಂಗುಳಿ ಅಲ್ಲಿಗೂ ಬಾರದೆ? ಇಪ್ಪತ್ತು ತೀರ್ಥಂಕರರ ನಿರ್ವಾಣ ಭೂಮಿಯಾದ ಸಮ್ಮೇದ ಶಿಖರ್ಜಿಯ ಪ್ರಕರಣ ಇನ್ನೂ ಹಳೆಯದಾಗಿಲ್ಲ. ಆ ಬೆಟ್ಟ ಪ್ರವಾಸೋದ್ಯಮದ ತಾಣವಾಗುವುದೆಂಬ ಆತಂಕದಿಂದ ದೇಶದ ಜೈನರು ಬೀದಿಗಿಳಿದರು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ತೀರ್ಥವು ವಿಹಾರಸ್ಥಳವಾಗಬಾರದೆಂದು ಅಂದು ಕೇಳಿದ ಸಮಾಜ ಅದೇ ಮಾತನ್ನು ತನಗೂ ಹೇಳಿಕೊಳ್ಳಬೇಕಲ್ಲವೆ? ಬಸದಿಯ ಅಂಗಳದಲ್ಲಿ ಬುತ್ತಿಯ ಕಾಗದ ಬಿಟ್ಟು ಬರುವ, ಜಿನಬಿಂಬಕ್ಕೆ ಬೆನ್ನು ತಿರುಗಿಸಿ ಚಿತ್ರ ತೆಗೆದುಕೊಳ್ಳುವ ಯಾತ್ರಿಕನಿಗೆ ಜೈನನೆಂಬ ಹೆಸರು ರಕ್ಷೆಯಾಗದು.

ಉತ್ತರ ಶ್ರಾವಕಾಚಾರದಲ್ಲಿಯೇ ಇದೆ. ಕಾರಣವಿಲ್ಲದೆ ನೆಲವನ್ನು ಕೆದಕುವುದು, ನೀರನ್ನು ಕದಡುವುದು, ಗಿಡವನ್ನು ಮುರಿಯುವುದು ಅನರ್ಥದಂಡ. ಗುರಿಯಿಲ್ಲದೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಆಚಾರ್ಯರು ಅದೇ ಸಾಲಿಗೆ ಸೇರಿಸಿದ್ದಾರೆ. ಮುನಿಗಳು ಈರ್ಯಾಸಮಿತಿಯಿಂದ ನಾಲ್ಕು ಮೊಳದ ಮುಂದಿನ ನೆಲವನ್ನು ನೋಡಿ, ಇರುವೆಗೂ ನೋವಾಗದಂತೆ ಹೆಜ್ಜೆಯಿಡುತ್ತಾರೆ. ಗೃಹಸ್ಥನಿಗೆ ಅಷ್ಟು ಸಾಧ್ಯವಾಗದಿರಬಹುದು. ಆದರೆ ನಾಲ್ಕು ಜನ ಸೇರಿ ಒಂದೇ ವಾಹನದಲ್ಲಿ ಹೋಗುವುದು, ಒಂದು ದಿನಕ್ಕೆ ಒಂದೇ ಕ್ಷೇತ್ರವೆಂದು ನಿಯಮಿಸುವುದು, ಹಗಲಿನಲ್ಲಿಯೇ ಊಟ ಮುಗಿಸಿ ಮರಳುವುದು, ಹೊರಡುವ ಮೊದಲು ಅಂಗಳವನ್ನು ಮೃದುವಾಗಿ ಗುಡಿಸಿ ಬರುವುದು ಅವನಿಗೆ ಅಸಾಧ್ಯವಲ್ಲ. ಈ ನಿಯಮಗಳಿರುವ ಕಡೆ ಜನ ಸೇರಿದರೂ ಜಂಗುಳಿಯಾಗುವುದಿಲ್ಲ.

ತೀರ್ಥವೆಂದರೆ ಹೊಳೆಯನ್ನು ದಾಟಿಸುವ ಕಡವು. ಎಷ್ಟು ದೂರ ನಡೆದು ಕಡವಿಗೆ ಬಂದೆವೆಂದು ಹೊಳೆ ಕೇಳುವುದಿಲ್ಲ. ದಾಟಿದೆವೋ ಇಲ್ಲವೋ ಎಂಬುದಷ್ಟೇ ಮುಖ್ಯ. ಬರುವ ರಜೆಯಲ್ಲಿ ಮನೆಯ ಹಿರಿಯರ ಕೈಹಿಡಿದು ತೇರದಾಳದ ಬಸದಿಯ ಹೊಸ್ತಿಲನ್ನು ದಾಟುವ ಮಗುವಿಗೆ ಶಿಖರ್ಜಿಯ ದಾರಿಯೂ ಅಲ್ಲಿಂದಲೇ ಆರಂಭವಾಗುತ್ತದೆ.