ಮೇಜು ಕಿರಿದು, ಕಡತ ಹಿರಿದು

2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ಪಹಣಿಯನ್ನು ಗಣಕೀಕರಿಸಿದ ಮೇಲೆ ಮಲಪನಗುಡಿಯ ರೈತನಿಗೂ ಗಣಕಯಂತ್ರದ ವೇಗವೇ ಆಡಳಿತದ ವೇಗ. ಆ ಯಂತ್ರ ತಡವರಿಸುವುದೇಕೆ? ಕಚೇರಿಗಳಲ್ಲಿ ಆಯುಷ್ಯ ಕಳೆದ ನಾನು ಅದನ್ನು ಹೀಗೆ ಅರಿತಿದ್ದೇನೆ: ರ‍್ಯಾಮ್ ಗುಮಾಸ್ತನ ಮೇಜು, ಡಿಸ್ಕ್ ರೆಕಾರ್ಡ್ ರೂಮು. ಮೇಜು ತುಂಬಿದಾಗ ಕಾರ್ಯಾಚರಣಾ ವ್ಯವಸ್ಥೆಯು ಬಹುಕಾಲ ಮುಟ್ಟದ, ಸಾಮಾನ್ಯವಾಗಿ ತಲಾ 4 ಕಿಲೋಬೈಟ್‌ನ ಪುಟಗಳನ್ನು ಡಿಸ್ಕ್‌ನ ‘ಸ್ವಾಪ್’ ಜಾಗಕ್ಕೆ ಕಳುಹಿಸಿ, ಬೇಕಾದಾಗ ಮರಳಿ ತರಿಸುತ್ತದೆ. ಈ ಉಪಾಯದ ಮೂಲ 1962ರ ಮ್ಯಾಂಚೆಸ್ಟರ್‌ನ ಅಟ್ಲಾಸ್ ಗಣಕ.

ಆದರೆ ಹಾರ್ಡ್ ಡಿಸ್ಕ್ ರ‍್ಯಾಮ್‌ಗಿಂತ ಅನೇಕ ಸಾವಿರ ಪಟ್ಟು ನಿಧಾನ. ಕೆಲಸ ಮಿತಿಮೀರಿದರೆ ಯಂತ್ರವು ಪುಟ ಸಾಗಿಸುವುದರಲ್ಲೇ ದಿನ ಕಳೆಯುತ್ತದೆ. ಸ್ವಾಪ್ ಹಿಗ್ಗಿಸಿದರೆ ಕೆಲಸ ನಿಲ್ಲದಿರಬಹುದು, ವೇಗ ಬಾರದು. ರ‍್ಯಾಮ್‌ನಲ್ಲಿ ಹಣ ಉಳಿಸುವ ಕಚೇರಿ, ಅದರ ಬೆಲೆಯನ್ನು ಸರದಿಯಲ್ಲಿ ನಿಂತವರ ದಿನಗೂಲಿಯಿಂದ ವಸೂಲು ಮಾಡುತ್ತದೆ. ಅರ್ಥಶಾಸ್ತ್ರ ಇದನ್ನು ವೆಚ್ಚದ ವರ್ಗಾವಣೆ ಎನ್ನುತ್ತದೆ.